ಮೂವತ್ತರ ಹೊಸ್ತಿಲಲ್ಲಿ ವೈದ್ಯವಿದ್ಯೆ

ಓದಿಗೆ ವಯಸ್ಸಿಲ್ಲ ಎಂಬ ಮಾತನ್ನು ಧಾರಾಳವಾಗಿ ಆಡುವವರು ಸಾಮಾನ್ಯವಾಗಿ ತಮ್ಮ ಓದನ್ನು ಮುಗಿಸಿ ನೆಮ್ಮದಿಯಾಗಿ ಕುಳಿತವರು. ಸನ್ಮಾನ ಸಮಾರಂಭಗಳಲ್ಲಿ, ಬೀಳ್ಕೊಡುಗೆಯ ಭಾಷಣಗಳಲ್ಲಿ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಒಂದಿಷ್ಟು ಚಪ್ಪಾಳೆಯನ್ನೂ ಗಿಟ್ಟಿಸುತ್ತದೆ. ಆದರೆ ಹೆಂಡತಿ ಮಗುವಿರುವ ಇಪ್ಪತ್ತೊಂಬತ್ತರ ಗೃಹಸ್ಥನೊಬ್ಬನು ಎದುರಿಗೆ ಬಂದು ನಿಂತು, ‘ಹಾಗಾದರೆ ನಾನು ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಬಹುದೇ?’ ಎಂದು ಕೇಳಲಿ, ಅದೇ ಭಾಷಣಕಾರರು ಕನ್ನಡಕವನ್ನು ತೆಗೆದು ಒರೆಸತೊಡಗುತ್ತಾರೆ. ಅದರ ಮೇಲೆ ಅವನ ಹಳೆಯ ಅಂಕಪಟ್ಟಿಯೂ ಸಾಧಾರಣವಾದುದೆಂದು ತಿಳಿದರಂತೂ ಹವಾಮಾನದ ಮಾತಿಗೆ ಇಳಿದುಬಿಡುತ್ತಾರೆ.

ನನಗೆ ಈ ಪ್ರಶ್ನೆಯನ್ನು ಹಾಕಿದವನು ನನ್ನ ಹಳೆಯ ವಿದ್ಯಾರ್ಥಿ. ಸುರಪುರದ ಔಷಧದ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, ಒಮ್ಮೆಗೇ ಇಂಗ್ಲಿಷಿನ ನಡುನೀರಿಗೆ ಬಿದ್ದವನು. ಆ ವರ್ಷವೇ ತಂದೆಗೆ ಕಾಯಿಲೆ. ಹತ್ತಿ ಬಿಡಿಸುವ ಕಾಲದಲ್ಲಿ ಮಗ ತರಗತಿಯಲ್ಲಿದ್ದುದಕ್ಕಿಂತ ಹೊಲದಲ್ಲಿದ್ದುದೇ ಹೆಚ್ಚು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ನೂರಕ್ಕೆ ನಲವತ್ತೇಳು ಬಂದವು. ಕನ್ನಡದಲ್ಲಿ ಮಾತ್ರ ತೊಂಬತ್ತು ದಾಟಿತ್ತು; ಆದರೆ ವೈದ್ಯಕೀಯ ಕಾಲೇಜಿನ ಬಾಗಿಲಿನಲ್ಲಿ ಆ ತೊಂಬತ್ತನ್ನು ಯಾರೂ ಕೇಳುವುದಿಲ್ಲ. ಮುಂದೆ ಔಷಧ ವಿಜ್ಞಾನದ ಡಿಪ್ಲೊಮಾ ಮುಗಿಸಿ ಅಂಗಡಿ ಸೇರಿದನು.

‘ಸರ್, ದಿನಾ ನೂರು ಚೀಟಿ ನೋಡ್ತೀನ್ರಿ. ಗುಳಿಗಿ ಯಾಕ ಬರದಾರ ಅಂತ ತಿಳಿತದ. ಆದ್ರ ರೋಗಿ ಕೇಳಿದ್ರ ಹೇಳ್ಲಾಕ ನನಗ ಅಧಿಕಾರ ಇಲ್ಲ. ಡಾಕ್ಟರ್ ಆಗಬೇಕು ಅಂತ ಮಾಡೀನ್ರಿ’ ಎಂದನು.

ಎರಡು ದಿನ ಬಿಟ್ಟು ಅವನ ತಂದೆ ಬಂದರು. ನಾರಾಯಣಪುರದ ಎಡದಂಡೆ ಕಾಲುವೆಯ ನೀರುಣ್ಣುವ ಎರಡು ಎಕರೆ ಹೊಲ ಆ ಮನೆಯ ಆಸ್ತಿ. ವಿದೇಶದಲ್ಲಿ ಸೀಟು ಕೊಡಿಸುವೆನೆಂದು ದಲಾಲಿಯೊಬ್ಬನು ಮಗನ ಬೆನ್ನು ಹತ್ತಿದ್ದನಂತೆ; ಹೊಲ ಮಾರುವ ಮಾತು ಮನೆಯಲ್ಲಿ ಬಂದುಹೋಗಿತ್ತು. ‘ಮಾಸ್ತರ್, ನೀವರ ಒಂದ್ ಮಾತ್ ಹೇಳ್ರಿ. ಹೊಲ ಹೋದ್ರ ಮತ್ತ ಬರಂಗಿಲ್ಲ’ ಎಂದರು ಆ ಹಿರಿಯರು.

ಮಗನ ಆಸೆಯೂ ನ್ಯಾಯವಾದುದು, ತಂದೆಯ ಅಂಜಿಕೆಯೂ ನ್ಯಾಯವಾದುದು. ಇಂತಹ ಸಂದಿಗ್ಧ ಇಂದು ನಮ್ಮ ಅನೇಕ ಮನೆಗಳಲ್ಲಿ ಇರುವುದರಿಂದ, ಅದನ್ನು ಸಾವಧಾನವಾಗಿ ಬಿಡಿಸಿ ನೋಡುವುದು ವಾಚಕರಿಗೆ ಅಪ್ರಕೃತವಾಗಲಾರದೆಂದು ನಂಬಿದ್ದೇನೆ.

ಮೊದಲು ವಯಸ್ಸಿನ ಮಾತು. ವೈದ್ಯಕೀಯ ಪದವಿಯ ರಾಷ್ಟ್ರೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ 2017ರಲ್ಲಿ ಗರಿಷ್ಠ ವಯೋಮಿತಿಯನ್ನು ವಿಧಿಸಿದ್ದರು: ಸಾಮಾನ್ಯ ವರ್ಗದವರಿಗೆ 25, ಮೀಸಲು ವರ್ಗದವರಿಗೆ 30. ಅದರ ವಿರುದ್ಧ ಅಭ್ಯರ್ಥಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೆಲವು ವರ್ಷ ವಾದವಿವಾದ ನಡೆಯಿತು. ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ಅಕ್ಟೋಬರಿನಲ್ಲಿ ಮಿತಿಯನ್ನು ತೆಗೆದುಹಾಕಲು ನಿರ್ಧರಿಸಿ, 2022ರ ಮಾರ್ಚಿಯಲ್ಲಿ ಅದನ್ನು ಪ್ರಕಟಿಸಿತು. ಆ ಮೊದಲೇ, 2020ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಒಡಿಶಾದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ತಮ್ಮ 64ನೆಯ ವಯಸ್ಸಿನಲ್ಲಿ ಬುರ್ಲಾದ ಸರಕಾರಿ ವೈದ್ಯಕೀಯ ಕಾಲೇಜನ್ನು ಸೇರಿದ ಸುದ್ದಿಯನ್ನು ದೇಶವೆಲ್ಲ ಓದಿತು. ಆದುದರಿಂದ ಇಪ್ಪತ್ತೊಂಬತ್ತು ಎಂಬುದು ಕಾನೂನಿನ ದೃಷ್ಟಿಯಿಂದ ಅಡ್ಡಿಯೇ ಅಲ್ಲ.

ವಿದ್ಯೆಯ ದೃಷ್ಟಿಯಿಂದಲಾದರೂ ಅಡ್ಡಿಯೆ? ಆಲ್ಬರ್ಟ್ ಶ್ವೈಟ್ಸರ್ ಮಹಾಶಯರು ತತ್ತ್ವಶಾಸ್ತ್ರ, ಧರ್ಮಶಾಸ್ತ್ರ, ಸಂಗೀತಗಳಲ್ಲಿ ಹೆಸರು ಗಳಿಸಿದ ಮೇಲೆ, 1905ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ ವೈದ್ಯವಿದ್ಯೆಯ ಮೊದಲ ಪಾಠಕ್ಕೆ ಕುಳಿತರು. 1913ರಲ್ಲಿ ಆಫ್ರಿಕದ ಲಾಂಬರೆನೆಗೆ ಹೋಗಿ ಆಸ್ಪತ್ರೆಯನ್ನು ತೆರೆದರು. ಆದರೆ ಅವರು ಮೊದಲಿನಿಂದಲೂ ಮೇಧಾವಿಗಳು. ಕಡಿಮೆ ಅಂಕದವನಿಗೆ ಅವರ ಉದಾಹರಣೆಯಿಂದ ಅರ್ಧ ಸಮಾಧಾನವಷ್ಟೇ ದೊರೆತೀತು.

ಉಳಿದರ್ಧಕ್ಕೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಯಾದಗಿರಿ ಜಿಲ್ಲೆ ಆನೆಕಾಲು ರೋಗದ ಕಾಟವಿರುವ ಜಿಲ್ಲೆಗಳಲ್ಲಿ ಒಂದು. ಆರೋಗ್ಯ ಇಲಾಖೆಯ ಕಾರ್ಯಕರ್ತೆಯರು ಮನೆಮನೆಗೆ ಬಂದು ಎದುರಿಗೇ ನಿಂತು ನುಂಗಿಸಿದ ಗುಳಿಗೆಗಳನ್ನು ಇಲ್ಲಿಯವರೆಲ್ಲ ಬಲ್ಲರು. ಅವುಗಳಲ್ಲಿ ಮುಖ್ಯವಾದುದು ಡೈಈಥೈಲ್ ಕಾರ್ಬಮಜೀನ್. ಆ ಔಷಧವು 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಿಂದ ಹೊರಬಂದಾಗ ಅಲ್ಲಿಯ ಸಂಶೋಧನೆಯ ನೇತೃತ್ವ ವಹಿಸಿದ್ದವರು ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದವರು. ಈ ಸುಬ್ಬರಾವ್ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣರಾಗಿ ಮೂರನೆಯ ಸಲ ತೇರ್ಗಡೆಯಾದವರು! ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟುದರಿಂದ ಶಸ್ತ್ರವೈದ್ಯದ ಪ್ರಾಧ್ಯಾಪಕರ ಅವಕೃಪೆಗೆ ಪಾತ್ರರಾದರು. ಕೊನೆಗೆ ಅವರ ಕೈಗೆ ಬಂದುದು ಪೂರ್ಣ ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಆ ಕಾಗದವನ್ನೇ ಇಟ್ಟುಕೊಂಡು ಹಾರ್ವರ್ಡ್‌ಗೆ ಹೋದರು. ಜೀವಕೋಶಗಳ ಶಕ್ತಿಗೆ ಆಧಾರವಾದ ಎಟಿಪಿಯನ್ನು ಕಂಡುಹಿಡಿದವರ ಸಾಲಿನಲ್ಲಿ ಅವರ ಹೆಸರಿದೆ. ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದ ಕೆಲಸದ ಹಿಂದೆಯೂ ಅವರಿದ್ದರು. ಎರಡು ಸಲ ನಪಾಸಾದ ಹುಡುಗನ ಉಪಕಾರವನ್ನು ಸುರಪುರದ ಮನೆಗಳು ನೀರಿನೊಂದಿಗೆ ನುಂಗಿವೆ.

ಆದರೆ ಇಂತಹ ಕಥೆಗಳನ್ನು ಹೇಳುವಾಗ ಒಂದು ಎಚ್ಚರ ಬೇಕು. ಸುಬ್ಬರಾಯರು ನಪಾಸಾದುದರಿಂದ ದೊಡ್ಡವರಾಗಲಿಲ್ಲ. ಮೂರನೆಯ ಸಲ ಕುಳಿತು ಓದಿದುದರಿಂದ ದೊಡ್ಡವರಾದರು. ನಪಾಸಾದವರೆಲ್ಲರೂ ಸುಬ್ಬರಾಯರಾಗುವುದಿಲ್ಲ. ಹಳೆಯ ಅಂಕಪಟ್ಟಿಯು ಸಾಕ್ಷಿಯೇ ಹೊರತು ತೀರ್ಪಲ್ಲವೆಂಬಷ್ಟನ್ನು ಮಾತ್ರ ಅವರ ಬದುಕು ಹೇಳುತ್ತದೆ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬೇಕು. ಅಂದು ಅಂಕ ಏಕೆ ಕಡಿಮೆಯಾಯಿತು? ಭಾಷೆಯಿಂದಲೆ, ಬಡತನದಿಂದಲೆ, ಸೋಮಾರಿತನದಿಂದಲೆ, ಅಥವಾ ವಿಷಯವೇ ತಲೆಗೆ ಹತ್ತದೆಯೆ? ಮೊದಲೆರಡು ಕಾರಣಗಳು ಕಾಲದೊಂದಿಗೆ ಸರಿದಿರಬಹುದು. ಮೂರನೆಯದನ್ನು ಮನುಷ್ಯನು ತಿದ್ದಿಕೊಳ್ಳಬಹುದು. ನಾಲ್ಕನೆಯದು ಇನ್ನೂ ಇದೆಯೇ ಎಂಬುದನ್ನು ಪರೀಕ್ಷಿಸಿಯೇ ನೋಡಬೇಕು.

ನಮ್ಮ ಊರಿನ ಟೇಲರ್ ಮಂಜಿಲನ್ನು ನೋಡಿದಾಗ ಕೆಲವರು ಬೇರೊಂದು ವಾದ ಹೂಡುವುದುಂಟು. ಮೆಡೋಸ್ ಟೇಲರ್ ಸಾಹೇಬನು 1824ರಲ್ಲಿ, ಹದಿನೈದರ ಹುಡುಗನಾಗಿ ಮುಂಬಯಿಗೆ ಬಂದಿಳಿದವನು. ಕಾಲೇಜಿನ ಮುಖ ಕಂಡವನಲ್ಲ. ಭಾಷೆ, ಕಾನೂನು, ಮೋಜಣಿ, ಕಟ್ಟಡವಿದ್ಯೆ ಎಲ್ಲವನ್ನೂ ತಾನೇ ಕಲಿತು, 1841ರಿಂದ 1853ರವರೆಗೆ ಸುರಪುರದ ಆಡಳಿತವನ್ನು ನಡೆಸಿದನು. ಅವನಿಗೆ ಯಾರು ಅಂಕಪಟ್ಟಿ ಕೇಳಿದರು ಎಂಬುದು ಆ ವಾದ. ಯಾರೂ ಕೇಳಲಿಲ್ಲ, ನಿಜ. ಆದರೆ ಅಂದು ಕೇಳದೆ ಇದ್ದುದಕ್ಕೆ ಕಾರಣ ಅವನ ಯೋಗ್ಯತೆ ಮಾತ್ರವಲ್ಲ, ಅವನ ಜನಾಂಗವೂ ಹೌದು. ಅದೇ ಕಾಲದ ಸುರಪುರದ ಬಡ ಹುಡುಗನಿಗೆ ಆ ಅವಕಾಶವಿರಲಿಲ್ಲ. ಪರೀಕ್ಷೆಯೆಂಬುದು ಎಷ್ಟೇ ಕಠಿಣವಾಗಿದ್ದರೂ, ಮುಖ ನೋಡದೆ ಉತ್ತರ ಪತ್ರಿಕೆಯನ್ನಷ್ಟೇ ನೋಡುವ ಗುಣ ಅದಕ್ಕಿದೆ. ಇನ್ನೊಬ್ಬರ ಪ್ರಾಣವನ್ನು ಕೈಗೆ ತೆಗೆದುಕೊಳ್ಳುವವನನ್ನು ಸಮಾಜವು ಪರೀಕ್ಷಿಸಿಯೇ ತೀರಬೇಕು.

ಆ ಪರೀಕ್ಷೆಯ ಸ್ವರೂಪವನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. 2025ರಲ್ಲಿ ನಡೆದ ಕ್ರಮದಂತೆ, 180 ನಿಮಿಷಗಳಲ್ಲಿ 180 ಪ್ರಶ್ನೆಗಳು: ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕದ ದಂಡ, ಒಟ್ಟು 720. ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಸೀಟು ಹಂಚುವುದು ಈ ಪರೀಕ್ಷೆಯ ಸ್ಥಾನದ ಮೇಲೆ, ಪಿಯುಸಿ ಅಂಕದ ಮೇಲಲ್ಲ. ಪಿಯುಸಿಯ ಮೂರು ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ 50, ಹಿಂದುಳಿದ ಹಾಗೂ ಪರಿಶಿಷ್ಟ ವರ್ಗಗಳಿಗೆ 40 ಎಂಬ ಕನಿಷ್ಠ ಮಿತಿ ಬಹುಕಾಲದಿಂದ ನಡೆದುಬಂದಿದೆ. ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ ಕೈಪಿಡಿಯನ್ನೇ ಓದಿಕೊಳ್ಳಬೇಕು. ಜೀವಶಾಸ್ತ್ರವನ್ನು ಓದದೆ ಬಿಟ್ಟವರು ಅದನ್ನು ಹೆಚ್ಚುವರಿ ವಿಷಯವಾಗಿ ಆಮೇಲೆ ಮುಗಿಸಿದರೂ ಆದೀತೆಂದು ಆಯೋಗವು 2023ರ ನವೆಂಬರಿನಲ್ಲಿ ತಿಳಿಸಿದೆ. ನಲವತ್ತೇಳು ಅಂಕದ ನನ್ನ ವಿದ್ಯಾರ್ಥಿ ಹಿಂದುಳಿದ ವರ್ಗದವನಾದುದರಿಂದ ಆ ಹೊಸ್ತಿಲನ್ನು ಹೇಗೋ ದಾಟಿದ್ದನು.

ಆದರೆ ‘ಅರ್ಹತೆ’ ಎಂಬ ಪದವು ಅನೇಕ ಮನೆಗಳನ್ನು ಮೋಸಗೊಳಿಸಿದೆ. 2025ರಲ್ಲಿ ಪರೀಕ್ಷೆಗೆ ಕುಳಿತವರು 22 ಲಕ್ಷಕ್ಕೂ ಮೇಲ್ಪಟ್ಟವರು. ಅರ್ಹರೆಂದು ಘೋಷಿತರಾದವರು 12 ಲಕ್ಷಕ್ಕೂ ಮೇಲ್ಪಟ್ಟವರು. ದೇಶದಲ್ಲಿ ಇದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಎಂದರೆ ಅರ್ಹರಾದ ಹತ್ತು ಮಂದಿಗೆ ಒಂದೇ ಎಲೆ ಹಾಕಿದ ಪಂಕ್ತಿ ಇದು. ‘ನಿಮ್ಮ ಮಗ ಅರ್ಹನಾಗಿದ್ದಾನೆ, ಉಳಿದುದನ್ನು ನಮಗೆ ಬಿಡಿ’ ಎನ್ನುವ ದಲಾಲಿಗಳು ಹುಟ್ಟುವುದು ಈ ಅಂತರದಲ್ಲಿಯೇ. ಸರಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಲಕ್ಷದೊಳಗೆ ಮುಗಿದರೆ, ಖಾಸಗಿ ಕಾಲೇಜಿನ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷ ದಾಟುವುದುಂಟು. ವಿದೇಶಕ್ಕೆ ಹೋದರೆ ಅಗ್ಗವೆನ್ನುತ್ತಾರೆ. ಅಲ್ಲಿ ಓದಿ ಬಂದವರು ಇಲ್ಲಿ ಮತ್ತೊಂದು ಪರೀಕ್ಷೆಯನ್ನು ಗೆಲ್ಲಬೇಕೆಂಬುದನ್ನೂ, 2024ರ ಜೂನ್ ಆವೃತ್ತಿಯಲ್ಲಿ ಅದನ್ನು ಗೆದ್ದವರು ಸುಮಾರು ಐವರಲ್ಲಿ ಒಬ್ಬರೆಂಬುದನ್ನೂ ಮಾತ್ರ ಹೇಳುವುದಿಲ್ಲ. ಎರಡು ಎಕರೆ ಮಾರಿ ಹೋದವನು ಉಳಿದ ನಾಲ್ವರಲ್ಲಿ ಸೇರಿದರೆ ಮನೆಗೆ ಬರುವುದು ವೈದ್ಯನಲ್ಲ, ಸಾಲ.

ನಮ್ಮ ಭಾಗದ ಮಕ್ಕಳಿಗೆ ನ್ಯಾಯವಾಗಿ ದೊರೆಯುವ ಅನುಕೂಲಗಳನ್ನು ದಲಾಲಿಗಳು ಹೇಳುವುದಿಲ್ಲವಾದುದರಿಂದ ನಾವೇ ಹೇಳಿಕೊಳ್ಳಬೇಕು. 1956ರವರೆಗೆ ಸುರಪುರವು ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ವೈದ್ಯನಾಗಬಯಸಿದ ಇಲ್ಲಿಯ ಹುಡುಗನಿಗೆ ರಾಜಧಾನಿಯೇ ಗತಿ. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ತೆರೆದುದು 1963ರಲ್ಲಿ. ರಾಯಚೂರಿಗೆ ಸರಕಾರಿ ಕಾಲೇಜು 2007ರಲ್ಲಿ ಬಂತು, ಕಲಬುರಗಿಗೆ 2013ರಲ್ಲಿ. 2022ರಲ್ಲಿ ಯಾದಗಿರಿಗೇ 150 ಸೀಟುಗಳ ಕಾಲೇಜು ಬಂದಿತು. ಸಂವಿಧಾನದ 371ಜೆ ವಿಧಿಯ ಆಧಾರದಿಂದ 2013ರಲ್ಲಿ ಹೊರಟ ಆದೇಶದಂತೆ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಸೀಟುಗಳು ಇಲ್ಲಿಯವರಿಗೆ ಮೀಸಲು. ಹತ್ತು ವರ್ಷ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿಯೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5ರ ಮೀಸಲಾತಿಯೂ ಉಂಟು. ಯಾವ ಕನ್ನಡ ಮಾಧ್ಯಮದಿಂದ ತನ್ನ ಅಂಕ ಕುಗ್ಗಿತೆಂದು ನನ್ನ ವಿದ್ಯಾರ್ಥಿ ಹನ್ನೆರಡು ವರ್ಷ ನೊಂದುಕೊಂಡಿದ್ದನೋ ಅದೇ ಇಂದು ಅವನ ಕೈಯಲ್ಲಿರುವ ಒಂದು ಪ್ರಮಾಣಪತ್ರ. ಈ ಪತ್ರಗಳನ್ನು ಫಲಿತಾಂಶ ಬಂದ ಮೇಲೆ ಓಡಾಡಿ ತರುವುದಲ್ಲ. ಅರ್ಜಿಗಿಂತ ಮೊದಲೇ ಪಡೆದು ಪೆಟ್ಟಿಗೆಯಲ್ಲಿಡಬೇಕು.

ಇನ್ನು ವರ್ಷಗಳ ಲೆಕ್ಕ. ಒಂದು ವರ್ಷ ಸಿದ್ಧತೆ ನಡೆಸಿ ಮೂವತ್ತಕ್ಕೆ ಸೀಟು ಸಿಕ್ಕಿತೆನ್ನೋಣ. ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷ ಆಸ್ಪತ್ರೆಯ ಕಡ್ಡಾಯ ತರಬೇತಿ. ಮೂವತ್ತಾರರ ಹೊತ್ತಿಗೆ ವೈದ್ಯ. ಸ್ನಾತಕೋತ್ತರಕ್ಕೆ ಹೋದರೆ ಸರಿಸುಮಾರು ನಲವತ್ತು. ಅಷ್ಟು ಕಾಲ ಮನೆಗೆ ಅವನ ಪೂರ್ಣ ದುಡಿಮೆ ಇಲ್ಲ. ರಾತ್ರಿ ಪಾಳಿಗಳಿಗೆ ಹದಿನೆಂಟರ ದೇಹವಿಲ್ಲ. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ. ಒಂಬತ್ತು ವರ್ಷದೊಳಗೆ ಪದವಿ ಮುಗಿಸಲೇಬೇಕು. ಇದು ಖರ್ಚಿನ ಬದಿ. ಜಮೆಯ ಬದಿಯಲ್ಲಿಯೂ ಒಂದು ಸಾಲು ಬರೆಯೋಣ: ಮೂವತ್ತಾರರಿಂದ ಅರವತ್ತೈದರವರೆಗೆ ದುಡಿದರೂ ಇಪ್ಪತ್ತೊಂಬತ್ತು ವರ್ಷಗಳ ವೈದ್ಯವೃತ್ತಿ ಉಳಿಯುತ್ತದೆ, ಅವನು ಇದುವರೆಗೆ ಬದುಕಿರುವಷ್ಟೇ ದೀರ್ಘಕಾಲ. ಹೀಗೆ ನೋಡಿದಾಗ ಇಪ್ಪತ್ತೊಂಬತ್ತು ತಡವೆನಿಸುವುದಿಲ್ಲ. ಆದರೆ ಗೊತ್ತುಗುರಿಯಿಲ್ಲದೆ ಐದಾರು ಸಲ ಪರೀಕ್ಷೆ ಬರೆಯುತ್ತಾ ಮೂವತ್ತೈದಕ್ಕೆ ಬಂದು ನಿಲ್ಲುವುದು ನಿಜವಾಗಿಯೂ ತಡ.

ಆದಕಾರಣ ನಾನು ತಂದೆಗೂ ಮಗನಿಗೂ ‘ಮಾಡಿ’ ಎಂದಾಗಲಿ ‘ಬಿಡಿ’ ಎಂದಾಗಲಿ ಹೇಳಲಿಲ್ಲ. ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯೊಂದನ್ನು ಮಗನ ಕೈಗೆ ಕೊಟ್ಟು, ಭಾನುವಾರ ಮೂರು ಗಂಟೆ ಗಡಿಯಾರವಿಟ್ಟು ಬರೆಯಹೇಳಿದೆನು. 720ಕ್ಕೆ 231 ಬಂದವು. ಸಂಖ್ಯೆ ಚಿಕ್ಕದು, ಅದನ್ನು ಬಿಡಿಸಿ ನೋಡಿದಾಗ ಮಾತ್ರ ಅದರ ಅರ್ಥ ತಿಳಿಯಿತು. ಜೀವಶಾಸ್ತ್ರದಲ್ಲಿ, ಹನ್ನೆರಡು ವರ್ಷ ಪುಸ್ತಕ ಮುಟ್ಟದಿದ್ದರೂ, ಅರ್ಧಕ್ಕಿಂತ ಹೆಚ್ಚು ಅಂಕ. ಔಷಧದ ಚೀಟಿಗಳು ಅವನಿಗೆ ಪಾಠ ಹೇಳಿದ್ದವು. ಭೌತಶಾಸ್ತ್ರದಲ್ಲಿ ಊಹಿಸಿ ಬರೆದ ಉತ್ತರಗಳು ಗಳಿಸಿದುದನ್ನೂ ತಿಂದಿದ್ದವು. ಯಾವುದು ಹಳೆಯ ಬಡತನದ ಗಾಯ, ಯಾವುದು ಇಂದಿನ ಕೊರತೆ ಎಂಬುದು ಆ ಒಂದು ಕಾಗದದಲ್ಲಿ ಸ್ಪಷ್ಟವಾಗಿತ್ತು.

ಆ ಕಾಗದವನ್ನು ನಡುವೆ ಇಟ್ಟುಕೊಂಡು ಅವರ ಮನೆಯಲ್ಲಿ ಕುಳಿತು ನಾವು ನಾಲ್ಕು ಮಾತು ಗೊತ್ತುಮಾಡಿದೆವು. ಹೊಲವನ್ನು ಮಾರಕೂಡದು, ಒತ್ತೆಯಿಡಕೂಡದು. ಪ್ರಯತ್ನ ಎರಡೇ ಸಲ. ಅಂಗಡಿಯ ಕೆಲಸ ಅರ್ಧ ದಿನವಾದರೂ ಮುಂದುವರಿಯಬೇಕು. ಎರಡೂ ಸಲ ಕೈಗೂಡದಿದ್ದರೆ, ಡಿಪ್ಲೊಮಾದ ಬಲದಿಂದ ಬಿ.ಫಾರ್ಮ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿ ತೆರೆದಿದೆ. ಅದನ್ನು ಸೋಲೆಂದು ಯಾರೂ ಕರೆಯಕೂಡದು. ರೋಗಿಗೆ ‘ಈ ಗುಳಿಗೆ ಇದಕ್ಕಾಗಿ, ಹೀಗೆ ತೆಗೆದುಕೊಳ್ಳಿ’ ಎಂದು ವಿವರಿಸಿ ಹೇಳುವ ಅಧಿಕಾರ ಚೆನ್ನಾಗಿ ಓದಿದ ಔಷಧಜ್ಞನಿಗೂ ಉಂಟಷ್ಟೆ.

ತಂದೆ ತಲೆಯಾಡಿಸಿದರು. ಮಗ ನೆಲ ನೋಡುತ್ತಿದ್ದನು. ಅಲ್ಲಿಯವರೆಗೆ ಬಾಗಿಲ ಬಳಿ ಮಗುವನ್ನೆತ್ತಿಕೊಂಡು ನಿಂತು, ಒಂದು ಮಾತನ್ನೂ ಆಡದಿದ್ದ ಸೊಸೆ ಗಂಡನಿಗೆ ಹೇಳಿದಳು: ‘ಎರಡ್ ವರ್ಷ ಹೊಲಿಗಿ ಮಿಷನ್ ಮ್ಯಾಲ ನಾ ಮನಿ ನಡಸ್ತೀನಿ. ಮೂರನೇದು ಮಾತ್ರ ಕೇಳಬ್ಯಾಡ್ರಿ.’

ವೈದ್ಯವೃತ್ತಿಗೆ ಬೇಕಾದ ಗುಣಗಳನ್ನು ಶಾಸ್ತ್ರಗಳು ಉದ್ದಕ್ಕೆ ಪಟ್ಟಿ ಮಾಡುತ್ತವೆ. ರೋಗಿಗೆ ಎಷ್ಟು ಕೊಟ್ಟರೆ ಔಷಧ, ಎಷ್ಟು ಮೀರಿದರೆ ವಿಷ ಎಂಬುದನ್ನು ಅರಿಯುವುದು ಅವುಗಳಲ್ಲಿ ಮೊದಲನೆಯದೆಂದು ನನ್ನ ಭಾವನೆ. ಆ ಮನೆಯಲ್ಲಿ ಪ್ರವೇಶ ಪರೀಕ್ಷೆಯನ್ನು ಬರೆಯದೆಯೇ ಅದನ್ನು ಅರಿತವಳೊಬ್ಬಳಿದ್ದಾಳೆ. ಅವಳು ಕೊಟ್ಟ ಎರಡು ವರ್ಷಗಳನ್ನು ಅವನು ಅಳತೆಯರಿತು ಬಳಸಿಕೊಳ್ಳಲಿ.